ರೀಲಿನಲ್ಲಿ ಮಿಕ್ಕ ಮೂರು

ಕೊನೆಯ ಡ್ರಾಯರನ್ನೂ ಮಗಳು ಎಳೆದು ನೆಲಕ್ಕೆ ಸುರಿದಳು. ಫೋಟೋ ತೆಗೆಸಿ, ಒಯ್ಯಲು ಬಾರದೇ ಹೋದವರ ಪಾಸ್‌ಪೋರ್ಟ್ ಸೈಜಿನ ಮುಖಗಳು ಮೇಜಿನ ಕಾಲಿನವರೆಗೂ ಹರಡಿಕೊಂಡವು. ಮೀಸೆಯವರು, ಕನ್ನಡಕದವರು, ಕೆಲಸಕ್ಕೆ ಅರ್ಜಿ ಹಾಕಲು ಹೊರಟು ಮನಸ್ಸು ಬದಲಾಯಿಸಿದವರು. ಅವಳು ಮಂಡಿಯೂರಿ ಎಲ್ಲವನ್ನೂ ಅಂಗೈಯಿಂದ ಸರಿಸಿ ಸರಿಸಿ ನೋಡಿದಳು. ಬೇಕಾಗಿದ್ದ ಒಂದು ಮುಖ ಅದರಲ್ಲಿರಲಿಲ್ಲ.

"ಊರಲ್ಲಿರೋ ಕತ್ತೆ ಕುದುರೆದೆಲ್ಲ ಫೋಟೋ ಇದೆ. ಅಮ್ಮಂದು ಈಚಿನದು ಒಂದಿಲ್ಲ," ಎಂದಳು. ಯಾರಿಗೂ ಹೇಳಿದ್ದಲ್ಲ ಎನ್ನುವ ಹಾಗೆ ಹೇಳಿದರೂ ಬಾಗಿಲಲ್ಲಿ ನಿಂತಿದ್ದ ಅಪ್ಪನಿಗೆ ಕೇಳಲಿ ಎಂದೇ ಹೇಳಿದ್ದು.

ಅಪ್ಪನಿಗೆ ಕೇಳಿಸಿತು. ನಲವತ್ತೆರಡು ವರ್ಷ ಇದೇ ಸ್ಟುಡಿಯೋದಲ್ಲಿ "ಗದ್ದ ಸ್ವಲ್ಪ ಮೇಲೆ" ಎಂದು ಊರಿಗೆಲ್ಲ ಹೇಳಿದವನು ತನ್ನ ಗದ್ದವನ್ನು ಎದೆಗೆ ಇಳಿಸಿಕೊಂಡು ನಿಂತಿದ್ದ.

ಸ್ಟುಡಿಯೋದ ಹಿಂದೆಯೇ ಮನೆ. ಎರಡು ಕೋಣೆಗಳೂ ಇಕ್ಕಟ್ಟು, ಬಾಗಿಲು ಇನ್ನೂ ಇಕ್ಕಟ್ಟು. ಹಾಗಾಗಿ ಆಸ್ಪತ್ರೆಯಿಂದ ತಂದವರು ಅವನ ಹೆಂಡತಿಯನ್ನು ಸ್ಟುಡಿಯೋದಲ್ಲೇ, ಗಿರಾಕಿಗಳು ಕೂರುವ ಜಾಗದಲ್ಲೇ ಮಲಗಿಸಿದ್ದರು. ಸ್ಟೂಲನ್ನು ಗೋಡೆಗೆ ಒತ್ತಿದ್ದರು. ಕೆರೆ, ಹಂಸ, ಗುಡ್ಡ ಬರೆದಿದ್ದ ಹಿಂಬದಿಯ ಪರದೆಯನ್ನು ಸುತ್ತಿ ಮೇಲೆ ಕಟ್ಟಿದ್ದರು. ಹೆಣದ ಹಿಂದೆ ಹಂಸ ತೇಲುವುದು ಚೆನ್ನಾಗಿರುವುದಿಲ್ಲ ಎಂದು ಪುಣ್ಯಕ್ಕೆ ಯಾರಿಗೋ ಹೊಳೆದಿತ್ತು. ಬಂದವರು ಒಳಗೆ ಬಂದು, ಒಂದು ಗಳಿಗೆ ನಿಂತು, ಹೊರಗಿನ ಕುರ್ಚಿಗಳಿಗೆ ಹೋಗಿ ಕೂರುತ್ತಿದ್ದರು. ಯಾರೂ ಮುಖವನ್ನು ಎರಡನೇ ಸಲ ನೋಡುತ್ತಿರಲಿಲ್ಲ. ಲಕ್ವ ಹೊಡೆದು ಮೂರು ದಿನ ಆಸ್ಪತ್ರೆಯಲ್ಲಿದ್ದವಳ ಬಾಯಿ ಎಡಕ್ಕೆ ಎಳೆದುಕೊಂಡು ಹಾಗೇ ನಿಂತುಬಿಟ್ಟಿತ್ತು.

"ಹನ್ನೆರಡಕ್ಕೆ ವ್ಯಾನ್ ಬರುತ್ತೆ," ಎಂದಳು ಮಗಳು, ಏಳುತ್ತ. "ಅಲ್ಲಿ ಸ್ಮಶಾನದ ಹಾಲ್‌ನಲ್ಲಿ ದೊಡ್ಡದಾಗಿ ಒಂದು ಫೋಟೋ ಇಡ್ಬೇಕು. ಜನ ಕೊನೇಲಿ ನೋಡೋದು ಅಮ್ಮನ ಮುಖ ಆಗ್ಬೇಕು. ಈ ಸೊಟ್ಟ ಬಾಯಲ್ಲ. ಇನ್ನೂ ಎರಡು ಗಂಟೆ ಇದೆ. ಎಲ್ಲಿಂದ ತರ್ತೀಯೋ ತಾ ಅಪ್ಪ."

ತಲೆಯ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ ದೊಡ್ಡಮ್ಮ, ಅಂದರೆ ಸತ್ತವಳ ಅಕ್ಕ, ಮೂಗು ಒರೆಸಿಕೊಂಡಳು. ಅಳುವಾಗಲೂ ಅವಳ ನಾಲಿಗೆಗೆ ರಜೆ ಇರುತ್ತಿರಲಿಲ್ಲ.

"ಸ್ಟುಡಿಯೋದವನ ಹೆಂಡ್ತಿಗೆ ಫೋಟೋ ಇಲ್ಲ! ಹೇಳಿದ್ರೆ ಜನ ನಗ್ತಾರೆ. ನಗಲಿ ಬಿಡು. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ನೆ ಹೇಳಿದಾರಾ?"

ಪಕ್ಕದಲ್ಲೇ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಆ ಅಂಗಡಿಯವನು ಬೆಳಿಗ್ಗೆಯೇ ಸತ್ತವಳ ಗುರುತಿನ ಚೀಟಿಯನ್ನು ಒಯ್ದು, ಸ್ಕ್ಯಾನ್ ಮಾಡಿ, ದೊಡ್ಡದು ಮಾಡಿ ಹಿಡಿದುಕೊಂಡು ಬಂದಿದ್ದ. ತೋರಿಸಲು ಮಾತ್ರ ಅವನ ಕೈ ಬರಲಿಲ್ಲ. ಮಗಳೇ ಕಿತ್ತುಕೊಂಡು ನೋಡಿದಳು. ಯಾವುದೋ ಕಚೇರಿಯಲ್ಲಿ, ಕಂಪ್ಯೂಟರಿನ ನೆತ್ತಿಯ ಮೇಲಿನ ಗುಂಡಿಯಷ್ಟು ಕ್ಯಾಮೆರಾದಲ್ಲಿ, "ಮುಂದಿನವರು" ಎಂದು ಕೂಗುತ್ತಲೇ ತೆಗೆದ ಚಿತ್ರ. ಮೂಗು ಯಾವುದು ಕೆನ್ನೆ ಯಾವುದು ತಿಳಿಯುತ್ತಿರಲಿಲ್ಲ.

"ದೊಡ್ಡದು ಮಾಡಿದಷ್ಟೂ ಚೌಕ ಚೌಕ ಆಗ್ತದಮ್ಮ," ಎಂದ ಕಟ್ಟಿನಂಗಡಿಯವನು. "ಇದರಲ್ಲಿ ಅಕ್ಕ ಏನೋ ಕದ್ದು ಸಿಕ್ಕಿಬಿದ್ದೋರ ಥರ ಕಾಣ್ತಾರೆ. ನನ್ನ ಕೈಯಾರೆ ಇದಕ್ಕೆ ಕಟ್ಟು ಹಾಕಲ್ಲ ನಾನು."

ಮಗಳು ಅದನ್ನು ನಾಲ್ಕಾಗಿ ಹರಿದಳು. ಆಮೇಲೆ ಬೀರುವಿನ ಮೇಲಿಂದ ಆಲ್ಬಮ್ ಇಳಿಸಿದಳು.

*

ರೀಲಿನ ಕಾಲದಲ್ಲಿ ಆ ಸ್ಟುಡಿಯೋಕ್ಕೆ ಬಂದವರು ಕ್ಯಾಮೆರಾದ ಮುಂದೆ ಕೂರುವ ಮೊದಲು ಅವನ ಹೆಂಡತಿಯ ಮುಂದೆ ಕೂರಬೇಕಿತ್ತು. ಕೈಯಲ್ಲಿ ಬಾಚಣಿಗೆ, ಹಲ್ಲಿನಲ್ಲಿ ಎರಡು ಪಿನ್ನು. ಬಂದವನು ಮೇಷ್ಟ್ರಾಗಲಿ, ಪೊಲೀಸಿನವನಾಗಲಿ, ತಲೆ ಹಿಡಿದು ಬೈತಲೆ ತೆಗೆಯುವಳು. ಬೊಕ್ಕ ತಲೆಯವರನ್ನೂ ಬಿಡುತ್ತಿರಲಿಲ್ಲ, "ಇರೋ ನಾಲ್ಕಕ್ಕಾದ್ರೂ ಮರ್ಯಾದೆ ಬೇಡ್ವಾ?" ಎಂದು ಕಿವಿಯ ಪಕ್ಕದ್ದನ್ನು ಸವರುವಳು. ಹೀಗಾಗಿ ಊರಿಗೆಲ್ಲ ಅವಳು ಬಾಚಣಿಗೆ ಅಕ್ಕ. ಮನೆಯಲ್ಲಿಟ್ಟ ಹೆಸರು ರೇಷನ್ ಕಾರ್ಡಿಗೆ ಮಾತ್ರ.

ಒಂದು ರೀಲಿಗೆ ಮೂವತ್ತಾರು ಫ್ರೇಮು. ಮೂವತ್ತಾರೂ ಮುಗಿಯದೆ ರೀಲನ್ನು ಹೊರಗೆ ತೆಗೆದು ತೊಳೆಯುವಂತಿಲ್ಲ. ಗಿರಾಕಿಗೆ ಸಂಜೆಗೇ ಬೇಕು, ರೀಲಿನಲ್ಲಿ ಇನ್ನೂ ಎರಡೋ ಮೂರೋ ಉಳಿದಿವೆ, ಹಾಗೇ ತೆಗೆದರೆ ದಂಡ. ಆಗ ಗಂಡ ಒಳಗೆ ಕೂಗುತ್ತಿದ್ದ.

"ಲೇ, ಬಾರೇ ಬೇಗ! ಮೂರು ಮಿಕ್ಕಿದೆ!"

"ಬಂದೆ ರೀ, ಒಂದ್ನಿಮಿಷ, ತಲೆ ಬಾಚ್ಕೊಂಡು ಬರ್ತೀನಿ."

"ಬೇಡ, ಬಾ ಸುಮ್ನೆ. ಗಿರಾಕಿ ಕಾಯ್ತಿದಾನೆ."

ಕೈಯಲ್ಲಿ ಇದ್ದುದನ್ನು ಹಿಡಿದುಕೊಂಡೇ ಅವಳು ಬಂದು ನಿಲ್ಲುವಳು. ಆಲ್ಬಮ್ಮಿನ ತುಂಬ ಅವಳು ಸೌಟು ಹಿಡಿದಿದ್ದಾಳೆ, ಪೊರಕೆ ಹಿಡಿದಿದ್ದಾಳೆ, ಹಿಂಡಿದ ಒದ್ದೆ ಬಟ್ಟೆ ಹಿಡಿದಿದ್ದಾಳೆ. ಒಂದರಲ್ಲಿ ಹೊಟ್ಟೆ ಹಿಡಿದಿದ್ದಾಳೆ, ಒಳಗೆ ಮಗಳು. ಊರಿಗೆಲ್ಲ ತಲೆ ಬಾಚಿದವಳ ತಲೆ ಒಂದು ಫೋಟೋದಲ್ಲೂ ಬಾಚಿಲ್ಲ. "ಮಿಕ್ಕಿದ ಅನ್ನ ಉಣ್ಣೋಳೂ ನಾನೇ, ಮಿಕ್ಕಿದ ರೀಲಿಗೆ ನಿಲ್ಲೋಳೂ ನಾನೇ," ಎಂದು ನಗುತ್ತಿದ್ದಳು. ನಗು ನಿಜವಾದದ್ದೇ. ಫೋಟೋಗಳಲ್ಲಿ ಅದು ಕಾಣುತ್ತದೆ. ಒಬ್ಬ ಮನುಷ್ಯ ವಾರಕ್ಕೆ ಎರಡು ಸಲ ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ತನ್ನೊಬ್ಬಳನ್ನೇ ನೋಡುತ್ತಿದ್ದಾನೆ ಎಂದರೆ ಯಾವ ಹೆಂಗಸಿಗೆ ಬೇಡ?

*

ಆಲ್ಬಮ್ಮಿನ ಕೊನೆಯ ಪುಟದಲ್ಲಿ ಕೊನೆಯ ಫೋಟೋ. ಹಿಂದೆ ತಾರೀಕು ಬರೆದಿತ್ತು. ಇಪ್ಪತ್ತೆರಡು ವರ್ಷದ ಹಿಂದಿನದು. ಮಗಳು ಅದನ್ನು ಕಿತ್ತು ಬೆಳಕಿಗೆ ಹಿಡಿದಳು. ಕಟ್ಟಿನಂಗಡಿಯವನು ಫೋಟೋ ನೋಡಿದ, ಮಗಳನ್ನು ನೋಡಿದ, ಮತ್ತೆ ಫೋಟೋ ನೋಡಿದ.

"ಚೆನ್ನಾಗಿದೆ," ಎಂದ. "ಆದರೆ ಅಮ್ಮ... ತಪ್ಪು ತಿಳ್ಕೋಬೇಡಿ..."

"ಗೊತ್ತು. ನನ್ನ ಥರಾನೇ ಇದೆ. ಇದನ್ನಿಟ್ರೆ ಸತ್ತಿರೋದು ನಾನು ಅಂತಾರೆ."

"ಥೂ, ಬಿಡ್ತು ಅನ್ನು!" ಎಂದಳು ದೊಡ್ಡಮ್ಮ.

"ಬಿಡ್ತು. ಆದರೆ ದೊಡ್ಡಮ್ಮ, ಇವಳು ನನಗೆ ಗೊತ್ತಿರೋ ಅಮ್ಮ ಅಲ್ಲ. ನನ್ನ ಅಮ್ಮಂಗೆ ಬಿಳಿ ಕೂದಲಿತ್ತು. ಕತ್ತಿನ ಹತ್ರ ಆ ಮಚ್ಚೆ ಬಂದಿತ್ತು. ಕಣ್ಣ ಕೆಳಗೆ ಚೀಲ ಇತ್ತು. ಅದೆಲ್ಲ ಎಲ್ಲಿ? ಇಪ್ಪತ್ತೆರಡು ವರ್ಷ ಎಲ್ಲಿ ಹೋಯ್ತು?" ಅವಳು ಅಪ್ಪನ ಕಡೆ ತಿರುಗಿದಳು. "ಎಲ್ಲಿ ಹೋಯ್ತು ಅಪ್ಪ?"

ಅಪ್ಪ ಅವಳ ಕೈಯಲ್ಲಿದ್ದ ಫೋಟೋದ ಹಿಂದಿನ ತಾರೀಕು ನೋಡಿದ.

"ಯಾವಾಗ ಬೇಕಾದ್ರೂ ತೆಗೀಬಹುದಲ್ಲ ಅಂತ..."

"ಅಂತ?"

"ಅಂತ ಇದ್ದೆ."

ಬಾಗಿಲ ಬಳಿಯ ಕುರ್ಚಿಯಲ್ಲಿದ್ದ ನಿವೃತ್ತ ಮೇಷ್ಟ್ರು ಸಮಾಧಾನಕ್ಕೆಂದು ಬಾಯಿ ಹಾಕಿದರು. "ನಿಮ್ಮ ಮೊಬೈಲ್‌ನಲ್ಲಿ ಇರಲೇಬೇಕಲ್ಲಮ್ಮ? ಈಗ ಎಲ್ಲರ ಮೊಬೈಲೂ ಫೋಟೋದ ಗೋದಾಮೇ. ನನ್ನ ಮೊಮ್ಮಗ ತಿನ್ನೋಕ್ಕಿಂತ ಮುಂಚೆ ತಟ್ಟೆಗೂ ಒಂದು ತೆಗೀತಾನೆ."

ಮಗಳು ತಲೆಯಾಡಿಸಿದಳು. "ಮೊಬೈಲ್ ಎತ್ತಿದ್ರೆ ಸಾಕು, ಅಮ್ಮ ಎದ್ದು ಒಳಗೆ ಹೋಗ್ತಿದ್ರು. ಬೆನ್ನಿನ ಫೋಟೋ ಬೇಕಾದಷ್ಟಿದೆ. ನಾಚಿಕೆ ಅಂದ್ಕೊಂಡಿದ್ದೆ."

"ನಾಚಿಕೆ!" ದೊಡ್ಡಮ್ಮ ಕುರ್ಚಿಯಲ್ಲಿ ನೆಟ್ಟಗಾದಳು. "ನಾಚಿಕೆ ಅಲ್ಲ ಕಣೇ, ಹಠ. ನಂಗೂ ಹಂಗೇ ಮಾಡಿದ್ಲು. ನನ್ನ ಮೊಮ್ಮಗಳು ತೆಗೀತೀನಿ ಅಂದ್ರೆ ಕೈ ಅಡ್ಡ ಹಿಡಿದ್ಲು. ಯಾಕೇ ಅಂದೆ. 'ನನ್ನ ಫೋಟೋ ತೆಗೆಯೋರು ಒಬ್ರಿದಾರೆ ಅಕ್ಕ, ತೆಗೆದ್ರೆ ಅವರು ತೆಗೀಲಿ, ಇಲ್ದಿದ್ರೆ ಬೇಡ' ಅಂದ್ಲು." ಅವಳು ತಂಗಿಯ ಗಂಡನನ್ನು ನೇರ ನೋಡಿದಳು. "ಕೇಳಿಸ್ತಾ ಫೋಟೋದೋರೇ? ಕಾದು ಕೂತಿದ್ಲು ನಿಮಗೆ."

ಕೇಳಿಸಿತು. ಯಾಕೆ ಕೇಳಿಸದು? ಸತ್ತವರ ಬಗ್ಗೆ ಹೊಸ ಸುದ್ದಿ ಗೊತ್ತಾಗುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಅವನು ಗೋಡೆಗೆ ಒತ್ತಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟ.

*

ಇಪ್ಪತ್ತೆರಡು ವರ್ಷದ ಹಿಂದೆ ಡಿಜಿಟಲ್ ಕ್ಯಾಮೆರಾ ಕೊಳ್ಳೋಣ ಎಂದವಳೂ ಹೆಂಡತಿಯೇ, ಆರಿಸಿದವಳೂ ಅವಳೇ. ಅವನಿಗೆ ಮನಸ್ಸಿರಲಿಲ್ಲ. ಆದರೆ ಎದುರು ಬೀದಿಯ ಸ್ಟುಡಿಯೋದವನು ಹತ್ತು ನಿಮಿಷಕ್ಕೆ ಫೋಟೋ ಕೊಡಲು ಶುರುಮಾಡಿದ್ದ. ಸಂಜೆಗೆ ಬನ್ನಿ ಎಂದರೆ ಯಾರೂ ಬರುತ್ತಿರಲಿಲ್ಲ.

ಕ್ಯಾಮೆರಾ ಅಂಗಡಿಯವನು ಗಾಜಿನ ಮೇಜಿನ ಮೇಲೆ ಮೂರನ್ನು ಸಾಲಾಗಿಟ್ಟ. "ಇದು ಮೂರು ಮೆಗಾಪಿಕ್ಸೆಲ್, ಇದು ಐದು, ಇದು ಆರು," ಎಂದ. ಗಂಡ ಮುಖ ಸಿಂಡರಿಸಿ ಬೀದಿ ನೋಡುತ್ತ ನಿಂತಿದ್ದ. ಅವಳು ಬೆಳ್ಳಿ ಬಣ್ಣದ ತೆಳುವಾದದ್ದನ್ನು ಎತ್ತಿದಳು.

"ಸೋಪಿನ ಡಬ್ಬಿ ಥರ ಇದೆ. ಇದರಲ್ಲಿ ತೆಗೆದ್ರೆ ಗಿರಾಕಿ ನಂಬೋದು ಹೆಂಗೆ?"

ಎರಡನೆಯದನ್ನು ತಿರುಗಿಸಿ ನೋಡಿದಳು. "ಕಣ್ಣಿಟ್ಟು ನೋಡೋ ಕಿಂಡಿ ಎಲ್ಲಿ?"

"ಕಿಂಡಿ ಯಾಕಮ್ಮ, ಹಿಂದೆ ಪರದೆ ಇದೆಯಲ್ಲ. ಹಿಂಗೆ ಮುಂದೆ ಹಿಡಿದು ತೆಗೆಯೋದು."

"ಬಿಸಿ ಪಾತ್ರೆ ಇಳಿಸೋರ ಥರ? ಬೇಡಪ್ಪ. ಇವರು ಕಣ್ಣಿಗೆ ಒತ್ತಿಕೊಂಡ್ರೇನೇ ಫೋಟೋಗ್ರಾಫರ್. ಇಲ್ದಿದ್ರೆ ಅಡುಗೆಭಟ್ರು."

ಮೂರನೆಯದು ಕಪ್ಪಗೆ, ಭಾರವಾಗಿತ್ತು. ಹಳೆಯ ಲೆನ್ಸು ಇದಕ್ಕೆ ಕೂರುತ್ತದೆ ಎಂದ ಅಂಗಡಿಯವನು. ಅವಳು ಅದನ್ನು ಗಂಡನ ಕೈಗೆ ಕೊಟ್ಟು, ಅವನ ಬೆರಳು ಗುಂಡಿಗೆ ಸರಿಯಾಗಿ ಸಿಗುತ್ತದೆಯೇ ಎಂದು ಬಗ್ಗಿ ನೋಡಿದಳು. ಅವನು ಕಿವಿಯ ಹತ್ತಿರ ಹಿಡಿದು ಒಮ್ಮೆ ಒತ್ತಿದ.

"ಶಬ್ದ ಇದೆ," ಎಂದ. ಒಪ್ಪಿದ ಎಂದೇ ಅರ್ಥ.

ಅವಳು ಅಂಗಡಿಯವನನ್ನು ಕೇಳಿದಳು: "ಇದರಲ್ಲಿ ಎಷ್ಟು ತೆಗೆದ್ರೆ ರೀಲು ಮುಗಿಯುತ್ತೆ?"

"ರೀಲೇ ಇಲ್ಲಮ್ಮ. ಕಾರ್ಡು. ತೆಗೀರಿ, ಬೇಡದ್ದು ಅಳಿಸಿ, ಮತ್ತೆ ತೆಗೀರಿ. ಎಷ್ಟು ಬೇಕಾದ್ರೂ."

"ಎಷ್ಟು ಬೇಕಾದ್ರೂ?"

"ಎಷ್ಟು ಬೇಕಾದ್ರೂ."

ಬಸ್ಸಿನಲ್ಲಿ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ಇನ್ಮೇಲೆ ಓಡಿ ಬರಲ್ಲ ನಾನು," ಎಂದಳು. "ತಲೆ ಬಾಚ್ಕೊಂಡು, ಒಳ್ಳೇ ಬಟ್ಟೆ ಹಾಕ್ಕೊಂಡು, ನಿಧಾನಕ್ಕೆ ಬರ್ತೀನಿ."

"ಅದಕ್ಕೇನು, ಯಾವಾಗ ಬೇಕಾದ್ರೂ ತೆಗೀಬಹುದು," ಎಂದ ಅವನು.

ಅಲ್ಲಿಗೆ ಮುಗಿಯಿತು. ಯಾವಾಗ ಬೇಕಾದರೂ ಎನ್ನುವ ದಿನ ಯಾವ ಕ್ಯಾಲೆಂಡರಿನಲ್ಲಿದೆ? ರೀಲು ಮುಗಿಯಬೇಕಿತ್ತು, ಅದಕ್ಕೆ ಅವಳನ್ನು ಕರೆಯುತ್ತಿದ್ದ. ಮುಗಿಯುವ ರೀಲೇ ಇಲ್ಲದ ಮೇಲೆ ಕರೆಯುವ ನೆಪವೂ ಹೋಯಿತು. ನೆಪವಿಲ್ಲದೆ ಹೆಂಡತಿಯನ್ನು ಕರೆದು "ನಿಲ್ಲು, ನೋಡ್ತೀನಿ" ಎನ್ನುವ ಜಾತಿಯ ಗಂಡಸಲ್ಲ ಅವನು. ಒಂದು ವಾರ ಅವಳು ಬೈತಲೆ ತೆಗೆದುಕೊಂಡೇ ಅಡುಗೆಮನೆಯಲ್ಲಿ ಓಡಾಡಿದಳು. ಆಮೇಲೆ ಮೊದಲಿನಂತೆ ಗಂಟು ಹಾಕಿಕೊಂಡಳು.

*

"ಕಂಪ್ಯೂಟರ್ ನೋಡೋಣ," ಎಂದ ಕಟ್ಟಿನಂಗಡಿಯವನು. ಗಂಟೆ ಹನ್ನೊಂದಾಗುತ್ತ ಬಂದಿತ್ತು. "ಇವರು ಒಂದನ್ನೂ ಅಳಿಸಲ್ಲ, ನಂಗೊತ್ತು. ದಿನಾ ಕಾರ್ಡಿನಲ್ಲಿ ಇದ್ದಿದ್ದನ್ನೆಲ್ಲ ಹಾಗೇ ಸುರೀತಾರೆ. ಎಲ್ಲಾದ್ರೂ, ಯಾರದ್ದಾದ್ರೂ ಹಿಂದೆ ಅಕ್ಕ ನಿಂತಿರಲೇಬೇಕು."

ಮಗಳು ಕುರ್ಚಿ ಎಳೆದುಕೊಂಡಳು. ತಾರೀಕಿನ ಪ್ರಕಾರ ಸಾಲುಸಾಲು ಕಡತಗಳು. ಮೊದಲನೆಯದನ್ನು ತೆರೆದಳು. ಮೊದಲ ಫೋಟೋ ನೋಡಿ ಅವಳ ಕೈ ನಿಂತಿತು.

ಸ್ಟೂಲಿನ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಎರಡೂ ಕೈಯಲ್ಲಿ ಒಂದು ಬಿಳಿಯ ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದಳು. ಕಾಣುತ್ತಿದ್ದದ್ದು ಎಂಟು ಬೆರಳು, ಭುಜ, ನೆತ್ತಿಯ ಮೇಲಿನ ಗಂಟು.

ಮಗಳು ಮುಂದಿನ ದಿನದ್ದನ್ನು ತೆರೆದಳು. ಮೊದಲ ಫೋಟೋ, ಹಾಳೆ ಹಿಡಿದ ಹೆಂಗಸು. ಅದರ ಮುಂದಿನ ದಿನ, ಹಾಳೆ. ಮುಂದಿನ ತಿಂಗಳು, ಹಾಳೆ. ಮುಂದಿನ ವರ್ಷ, ಹಾಳೆ.

"ಏನಿದು?" ಎಂದಳು ದೊಡ್ಡಮ್ಮ. "ಯಾಕೆ ಮುಖ ಮುಚ್ಕೊಂಡಿದಾಳೆ ನನ್ನ ತಂಗಿ?"

ಅಪ್ಪನೇ ಹೇಳಬೇಕಾಯಿತು. ಹೇಳಿದ. ಹೊಸ ಕ್ಯಾಮೆರಾ ಸ್ಟುಡಿಯೋದ ದೀಪಕ್ಕೆ ಎಲ್ಲರ ಮುಖವನ್ನೂ ಹಳದಿ ಮಾಡುತ್ತಿತ್ತು, ಕಾಮಾಲೆಯವರ ಹಾಗೆ. ಬಿಳಿ ಎಂದರೆ ಯಾವುದು ಎಂದು ಅದಕ್ಕೆ ದಿನಾ ಬೆಳಿಗ್ಗೆ ತೋರಿಸಬೇಕಿತ್ತು. ಗಿರಾಕಿ ಕೂರುವ ಜಾಗದಲ್ಲೇ, ಗಿರಾಕಿಯ ಮುಖದ ಎತ್ತರಕ್ಕೇ ಒಂದು ಬಿಳಿ ಹಾಳೆ ಹಿಡಿಯಬೇಕು, ಅದನ್ನೊಮ್ಮೆ ತೆಗೆಯಬೇಕು. ಆಮೇಲೆ ಬಣ್ಣ ಸರಿಬರುತ್ತದೆ.

"ಹಾಳೆ ಹಿಡಿಯೋಕೆ ಯಾರಾದ್ರೂ ಬೇಕಿತ್ತು," ಎಂದ. "ಇವಳು ಹಿಡೀತಿದ್ಲು. ತೆಗೆದು, 'ಸಾಕು, ಇಳಿಸು' ಅಂತಿದ್ದೆ. ಇಳಿಸಿ, ಎದ್ದು ಹೋಗ್ತಿದ್ಲು."

"ಇಳಿಸಿದ ಮೇಲೆ?" ಎಂದಳು ಮಗಳು. "ಹಾಳೆ ಇಳಿಸಿದಾಗ ಅಮ್ಮ ನಿನ್ನೆದುರಿಗೇ ಇರ್ತಿದ್ರಲ್ಲ? ದೀಪ ಹತ್ತಿತ್ತು, ಕ್ಯಾಮೆರಾ ಕೈಯಲ್ಲಿತ್ತು. ಇನ್ನೊಂದು ಸಲ ಒತ್ತಿದ್ರೆ ಏನು ಖರ್ಚಾಗ್ತಿತ್ತು ಅಪ್ಪ?"



ಅವಳು ಕಡತಗಳನ್ನು ತೆರೆಯುತ್ತಲೇ ಹೋದಳು. ಹಾಳೆ ಬದಲಾಗುತ್ತಿರಲಿಲ್ಲ, ಕೈ ಬದಲಾಗುತ್ತಿತ್ತು. ಬೆರಳಿನ ಗಂಟುಗಳು ದಪ್ಪಗಾದವು. ಒಂದು ವರ್ಷ ತೋರುಬೆರಳಿಗೆ ಪಟ್ಟಿ ಇತ್ತು. ಬಿಸಿ ಎಣ್ಣೆ ಸಿಡಿದದ್ದು, ಮಗಳಿಗೆ ನೆನಪಿತ್ತು. ಉಂಗುರ ಬಿಗಿಯಾಗಿ, ಆಮೇಲೆ ಕಾಣೆಯಾಯಿತು. ಹಾಳೆಯ ಮೇಲೆ ಕಾಣುವ ಗಂಟು ನಿಧಾನಕ್ಕೆ ಬೂದಿಬಣ್ಣಕ್ಕೆ ತಿರುಗಿತು. ಕಳೆದ ವಾರದ ಫೋಟೋದಲ್ಲೂ ಹಾಳೆ ಇತ್ತು, ಒಂದು ಮೂಲೆ ಬಾಗಿತ್ತು. ಎಡಗೈಗೆ ಆಗಲೇ ಬಲ ಕಡಿಮೆಯಾಗಿತ್ತೇನೋ.

ಕಟ್ಟಿನಂಗಡಿಯವನು ಮೆಲ್ಲಗೆ ಕೇಳಿದ: "ಅಣ್ಣ, ನಿಮ್ಮ ಈಗಿನ ಕ್ಯಾಮೆರಾ ತಾನೇ ಸರಿಮಾಡ್ಕೊಳ್ಳುತ್ತಲ್ವಾ? ಅದಕ್ಕೆ ಹಾಳೆ ಬೇಕಾ?"

"ಬೇಡ. ಎಂಟು ವರ್ಷದಿಂದ ಬೇಡ."

"ಮತ್ತೆ ದಿನಾ ಯಾಕೆ ಕೂರಿಸ್ತಿದ್ರಿ?"

"ಅವಳೂ ಕೇಳಿದ್ಲು. ಇರ್ಲಿ ಕೂರು ಅಂದೆ."

ಮಗಳು ತಿರುಗಿ ಅವನನ್ನು ನೋಡಿದಳು. ಮತ್ತೆ ಪರದೆಯತ್ತ ತಿರುಗಿ ಹಿಂದಿನ ವರ್ಷಗಳಿಗೆ ಹೋದಳು. ಆಗ ನೀಲಿ ಬಟ್ಟೆಯ ಒಂದು ಫೋಟೋ ಬಂತು.

*

ಮಗಳು ಹೊಲಿಸಿಕೊಟ್ಟ ನೀಲಿ ಬಟ್ಟೆ. ಆರು ವರ್ಷದ ಹಿಂದೆ, ಹೆಂಡತಿಯ ಐವತ್ತೇಳನೇ ಹುಟ್ಟಿದ ದಿನ. ಬೆಳಿಗ್ಗೆ ಅವನು ದೀಪ ಹಾಕಿ ತಿರುಗಿದಾಗ ಅವಳು ಆಗಲೇ ಸ್ಟೂಲಿನ ಮೇಲೆ ಕೂತಿದ್ದಳು. ತಲೆ ಬಾಚಿ, ನಡುವೆ ನೇರ ಬೈತಲೆ ತೆಗೆದಿದ್ದಳು. ಗಂಟಿಗೆ ಎರಡು ಪಿನ್ನು. ಎರಡೂ ಕೈ ಮಡಿಲಲ್ಲಿದ್ದವು. ಗದ್ದ, ಅವನು ಹೇಳುವ ಮೊದಲೇ, ಸ್ವಲ್ಪ ಮೇಲಿತ್ತು.

ಅವನು ಕ್ಯಾಮೆರಾ ಎತ್ತಿ ಕಣ್ಣಿಗೆ ಒತ್ತಿಕೊಂಡ. ಕಿಂಡಿಯಲ್ಲಿ ಅವಳನ್ನು ನೋಡಿದ. ಅವಳು ನಗಲು ಶುರುಮಾಡಿದ್ದಳು. ಹೊರಗೆ ಗಿರಾಕಿಯೊಬ್ಬ ಬಾಗಿಲು ತಟ್ಟಿದ.

"ಹಾಳೆ ಎಲ್ಲೇ?" ಎಂದ ಅವನು.

ಅವಳು ಕೈ ಚಾಚಿ, ಮೇಜಿನ ಮೇಲಿನ ಹಾಳೆ ಎತ್ತಿ, ಮುಖಕ್ಕೆ ಹಿಡಿದಳು. ಅವನು ಒತ್ತಿದ. "ಸಾಕು, ಇಳಿಸು," ಎಂದ. ಅವತ್ತು ಅವಳು ತಕ್ಷಣ ಇಳಿಸಲಿಲ್ಲ. ಹಾಳೆಯ ಹಿಂದೆಯೇ ಸ್ವಲ್ಪ ಹೊತ್ತು ಇದ್ದಳು. ಅವನು ಬಾಗಿಲು ತೆರೆಯಲು ಹೋದ.

*

"ಇದನ್ನೇ ಹಾಕಿ," ಎಂದಳು ಮಗಳು.

ಕಟ್ಟಿನಂಗಡಿಯವನು ತಡವರಿಸಿದ. "ಅಮ್ಮ, ಮುಖನೇ ಇಲ್ವಲ್ಲ..."

"ಇಲ್ಲ. ಅಪ್ಪ ತೆಗೆದಿದ್ದು ಇದನ್ನೇ ತಾನೆ? ಜನ ನೋಡ್ಲಿ."

"ಹುಚ್ಚು ಹಿಡೀತಾ ನಿಂಗೆ?" ದೊಡ್ಡಮ್ಮ ಎದ್ದು ನಿಂತಳು. "ಸತ್ತೋಳ ಮರ್ಯಾದೆ ತೆಗೀತೀಯಾ?"

"ಅಮ್ಮಂದಲ್ಲ ದೊಡ್ಡಮ್ಮ."

ಎಲ್ಲರೂ ಸ್ಟೂಲಿನ ಕಡೆ ನೋಡಿದರು. ಅವನು ಬೇಡ ಎನ್ನುತ್ತಾನೆ ಎಂದುಕೊಂಡಿದ್ದರು. ಎನ್ನುವ ಹಕ್ಕಾದರೂ ಇತ್ತು, ಗಂಡ. ಅವನು ಎದ್ದು, ಪ್ರಿಂಟರಿಗೆ ತಾನೇ ದೊಡ್ಡ ಕಾಗದ ತುಂಬಿದ. ಬಣ್ಣ ಸರಿಯಿದೆಯೇ ಎಂದು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ. ಸರಿಯಿತ್ತು. ನೀಲಿ ನೀಲಿಯಾಗಿತ್ತು, ಬಿಳಿ ಬಿಳಿಯಾಗಿತ್ತು, ಬೆರಳುಗಳು ಅವಳ ಬೆರಳಿನ ಬಣ್ಣವೇ ಆಗಿದ್ದವು.

ಕಟ್ಟು ಹಾಕಿ ತಂದು ಬಾಗಿಲ ಬಳಿ ಇಟ್ಟಾಗ ಹನ್ನೆರಡಕ್ಕೆ ಐದು ನಿಮಿಷ. ಹೊರಗಿನ ಕುರ್ಚಿಗಳಿಂದ ಜನ ಎದ್ದು ಬಂದರು. "ಇದೇನಿದು, ಮುಖ ಎಲ್ಲಿ?" ಎಂದು ಒಬ್ಬರು ಪಿಸುಗುಟ್ಟಿದರು. "ಫೋಟೋದವನ ಮನೇಲೇ ಹಿಂಗೆ ಅಂದ್ರೆ," ಎಂದರು ಇನ್ನೊಬ್ಬರು, ಅಷ್ಟು ಪಿಸುಗುಟ್ಟದೆ. ಮೇಷ್ಟ್ರು ಕನ್ನಡಕ ಮೇಲೇರಿಸಿ ಬಹಳ ಹೊತ್ತು ನೋಡಿದರು.

"ಈ ಕೈ ಗೊತ್ತು ಬಿಡಿ," ಎಂದರು. ತಮ್ಮ ತಲೆಯ ಮೇಲೆ ಕೈಯಾಡಿಸಿಕೊಂಡು ಪಕ್ಕಕ್ಕೆ ಸರಿದರು.

ವ್ಯಾನಿನವರು ಇಬ್ಬರು ಒಳಗೆ ಬಂದರು. ಅವಸರದ ಜನ, ಅವತ್ತು ಇನ್ನೂ ಎರಡು ಮನೆ ಇತ್ತಂತೆ. ಸ್ಟುಡಿಯೋದಲ್ಲಿ ಕತ್ತಲೆ ಎಂದು ಒಬ್ಬ ಗೋಡೆಯ ಸ್ವಿಚ್ ಒತ್ತಿದ. ಎರಡು ದೊಡ್ಡ ದೀಪಗಳು ಎಡಬಲದಿಂದ ಹತ್ತಿದವು. ನೆರಳಿಲ್ಲದ, ಸಮನಾದ ಬೆಳಕು. ಮಗಳು ಬಗ್ಗಿ, ತಾಯಿಯ ಕೂದಲನ್ನು ಬಾಚಣಿಗೆಯಿಂದ ಹಿಂದಕ್ಕೆ ಬಾಚಿ, ನಡುವೆ ಬೈತಲೆ ತೆಗೆದು, ಸರಿದು ನಿಂತಳು. ವ್ಯಾನಿನವನು ಬಿಳಿ ಬಟ್ಟೆಯ ತುದಿ ಹಿಡಿದು ಮುಖದ ಮೇಲೆ ಎಳೆದ.

ನೆಲದ ಮೇಲೆ, ಕ್ಯಾಮೆರಾ ಸ್ಟ್ಯಾಂಡಿನ ಮೂರು ಕಾಲು ನಿಲ್ಲುವ ಕಡೆ, ಸವೆದ ಟೇಪಿನ ಗುರುತುಗಳಿದ್ದವು. ಅಪ್ಪ ಅವುಗಳ ಹಿಂದೆ, ದಿನಾ ನಿಲ್ಲುವ ಜಾಗದಲ್ಲೇ ನಿಂತಿದ್ದ. ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು. ಬಲಗೈಯ ತೋರುಬೆರಳು ಗಾಳಿಯಲ್ಲಿ ಒಮ್ಮೆ ಒತ್ತಿತು.

"ಸಾಕು," ಎಂದ, "ಇಳಿಸು ಇನ್ನು."

ವ್ಯಾನಿನವನು ಬಟ್ಟೆಯ ಅಂಚನ್ನು ತಲೆಯ ಕೆಳಗೆ ಸಿಕ್ಕಿಸುತ್ತಿದ್ದ.